ಕಾಲು ಮುರಿದು ದಾಖಲಾದ ಮಹಿಳೆ, ಮೂರನೇ ರಾತ್ರಿಯ ಸನ್ನಿ: ಒಂದು ಪ್ರಕರಣ ಅಧ್ಯಯನ

ಇದು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯ ಪ್ರಕರಣ: ದಿನವೂ ಕುಡಿಯುತ್ತಿದ್ದವರಲ್ಲಿ ಕುಡಿತ ಒಮ್ಮೆಲೇ ನಿಂತಾಗ ಬರುವ ಸನ್ನಿ (ಡೆಲಿರಿಯಂ ಟ್ರೆಮೆನ್ಸ್). ಊರು, ತೋಟ, ವಯಸ್ಸು, ಮನೆಯವರ ವಿವರಗಳನ್ನು ಬದಲಿಸಲಾಗಿದೆ. ಇದೇ ಬಗೆಯ ಬೇರೆ ರೋಗಿಗಳಲ್ಲಿ ಕಾಣುವ ಕೆಲವು ಅಂಶಗಳನ್ನೂ ಸೇರಿಸಿ ಯಾರ ಗುರುತೂ ಸಿಗದಂತೆ ಮಾಡಲಾಗಿದೆ. ತಾಲ್ಲೂಕು ಮಟ್ಟದ ವೈದ್ಯರು, ಶುಶ್ರೂಷಾಧಿಕಾರಿಗಳು, ಸಿಎಚ್‌ಒಗಳು (ಸಮುದಾಯ ಆರೋಗ್ಯ ಅಧಿಕಾರಿಗಳು) ಮತ್ತು ಆಶಾ ಕಾರ್ಯಕರ್ತೆಯರಿಗೆ ಉಪಯೋಗವಾಗಲೆಂದು ಔಷಧಿ, ಡೋಸು, ಗಂಟೆಗಳ ಲೆಕ್ಕವನ್ನು ಬಿಡಿಸಿ ಬರೆದಿದೆ. ಡೋಸುಗಳು ಈ ರೋಗಿಗೆ ಕೊಟ್ಟವು. ಇವನ್ನು ನೋಡಿ ಮನೆಯಲ್ಲಿ ಯಾರೂ ಔಷಧಿ ಶುರು ಮಾಡಬಾರದು.

ಹಿನ್ನೆಲೆ

ಆಕೆಗೆ ನಲವತ್ತರ ಆಸುಪಾಸು, ತೂಕ 42 ಕೆ.ಜಿ. ಕಾಫಿ ತೋಟದ ಲೈನ್ ಮನೆಯಲ್ಲಿ ಗಂಡ, ಮಾವ, ಹೈಸ್ಕೂಲಿಗೆ ಹೋಗುವ ಮಗಳ ಜೊತೆ ವಾಸ. ನವೆಂಬರಿನಿಂದ ಫೆಬ್ರವರಿವರೆಗೆ ಹಣ್ಣು ಕೊಯ್ಲು, ಅದು ಮುಗಿಯುವಾಗ ಮೆಣಸು, ಮಳೆಗಾಲದಲ್ಲಿ ಕಳೆ ತೆಗೆಯುವ ಕೆಲಸ. ವಾರಕ್ಕೊಮ್ಮೆ ಬಟವಾಡೆ, ಅದೇ ದಿನ ಸಂತೆ.

ಕುಡಿತ ಶುರುವಾದದ್ದು ಮೊದಲ ಬಾಣಂತನದಲ್ಲಿ, ಚಳಿಗೆಂದು ಹಿರಿಯರು ಕೊಟ್ಟ ಬ್ರಾಂದಿಯಿಂದ. ಆಮೇಲೆ ಕೊಯ್ಲಿನ ದಿನಗಳಲ್ಲಿ ಮೈಕೈ ನೋವಿಗೆ ಪ್ಯಾಕೆಟ್ ಸಾರಾಯಿ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಈ ಮನೆಯಲ್ಲಿ ಕುಡಿತ ನಿಲ್ಲಲಿಲ್ಲ, ಸಾರಾಯಿಯ ಜಾಗಕ್ಕೆ 90 ಮಿ.ಲೀ. ಟೆಟ್ರಾ ಪ್ಯಾಕಿನ ವಿಸ್ಕಿ ಬಂತು. ಗಂಡ ಸಂಜೆ ಒಂದು ಕ್ವಾರ್ಟರ್ (180 ಮಿ.ಲೀ.), ಮಾವ ಒಂದು ನೈಂಟಿ, ಆಕೆ ಅಡುಗೆ ಮುಗಿಸಿ ಎರಡು ಪಾಕೀಟು. ಹೋದ ಒಂದು ವರ್ಷದಿಂದ ಬೆಳಿಗ್ಗೆ ಕೈನಡುಕ ನಿಲ್ಲಿಸಲು ಇನ್ನೂ ಅರ್ಧ. ರಾತ್ರಿ ಊಟ ಹೆಚ್ಚುಕಡಿಮೆ ಬಿಟ್ಟೇ ಹೋಗಿತ್ತು. ತಿನ್ನುತ್ತಿದ್ದದ್ದು ಮಧ್ಯಾಹ್ನದ ಬಿಳಿ ಅನ್ನ, ಸಾರು.

ಈ ಅಳತೆಯನ್ನು ಗ್ರಾಂ ಲೆಕ್ಕಕ್ಕೆ ತಂದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನ ಸಾಮಾನ್ಯ ಶಕ್ತಿ ಶೇ. 42.8. ಆಲ್ಕೋಹಾಲಿನ ಸಾಂದ್ರತೆ ಮಿ.ಲೀ.ಗೆ 0.79 ಗ್ರಾಂ. ಹಾಗಾಗಿ 30 ಮಿ.ಲೀ.ಯಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್, ಒಂದು ನೈಂಟಿಯಲ್ಲಿ 30, ಕ್ವಾರ್ಟರಿನಲ್ಲಿ 61. ಆಕೆಯ ಎರಡೂವರೆ ಪಾಕೀಟು ಎಂದರೆ ದಿನಕ್ಕೆ 76 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಗಂಡಸಿಗೆ 76 ಗ್ರಾಂ ‘ಹೆಚ್ಚಿನ ಅಪಾಯ’. ಹೆಂಗಸಿಗೆ ಅದೇ 76 ಗ್ರಾಂ ‘ಅತಿ ಹೆಚ್ಚಿನ ಅಪಾಯ’, ಏಕೆಂದರೆ ಆ ಮೆಟ್ಟಿಲು ಹೆಂಗಸರಿಗೆ 60 ಗ್ರಾಂ ದಾಟಿದಾಗಲೇ ಬರುತ್ತದೆ, ಗಂಡಸರಿಗೆ 100 ದಾಟಿದಾಗ.

ಈ ವ್ಯತ್ಯಾಸಕ್ಕೆ ದೇಹದ ಕಾರಣವಿದೆ. ಆಲ್ಕೋಹಾಲ್ ಕೊಬ್ಬಿನಲ್ಲಿ ಸೇರುವುದಿಲ್ಲ, ಮೈಯ ನೀರಿನಲ್ಲಿ ಹರಡುತ್ತದೆ. ಗಂಡಸಿನ ತೂಕದಲ್ಲಿ ಸುಮಾರು ಶೇ. 60 ನೀರಿದ್ದರೆ ಹೆಂಗಸಿನಲ್ಲಿ ಶೇ. 50ರ ಹತ್ತಿರ. ಜೊತೆಗೆ, ರಕ್ತಕ್ಕೆ ಸೇರುವ ಮೊದಲೇ ಹೊಟ್ಟೆಯ ಒಳಪದರದಲ್ಲಿ ಆಲ್ಕೋಹಾಲನ್ನು ಒಡೆಯುವ ಕಿಣ್ವವೂ ಹೆಂಗಸರಲ್ಲಿ ಸಾಮಾನ್ಯವಾಗಿ ಕಡಿಮೆ. ಒಂದು ಕ್ವಾರ್ಟರನ್ನು 58 ಕೆ.ಜಿ.ಯ ಗಂಡನೂ 42 ಕೆ.ಜಿ.ಯ ಹೆಂಡತಿಯೂ ಒಮ್ಮೆಗೇ ಕುಡಿದರು ಎಂದುಕೊಳ್ಳಿ. ಕುಡಿದ ಪ್ರಮಾಣ, ತೂಕದಿಂದ ರಕ್ತದ ಆಲ್ಕೋಹಾಲನ್ನು ಅಂದಾಜಿಸುವ ವಿಡ್‌ಮಾರ್ಕ್ ಸೂತ್ರದ ಪ್ರಕಾರ ಗಂಡನ ರಕ್ತದಲ್ಲಿ 100 ಮಿ.ಲೀ.ಗೆ ಗರಿಷ್ಠ 154 ಮಿ.ಗ್ರಾಂ, ಹೆಂಡತಿಯ ರಕ್ತದಲ್ಲಿ 263 ಮಿ.ಗ್ರಾಂ. ವಾಹನ ಓಡಿಸುವವರಿಗೆ ಕಾನೂನು ಹಾಕಿರುವ ಮಿತಿ 30. ಸೂತ್ರ ಅಂದಾಜಿನದು, ಊಟ ಮಾಡಿದ್ದರೆ ಎರಡೂ ಇಳಿಯುತ್ತವೆ, ಆದರೆ ಅಂತರ ಉಳಿಯುತ್ತದೆ. ‘ಗಂಡ ಅಷ್ಟೇ ಕುಡಿದು ಗಟ್ಟಿಯಾಗಿದ್ದಾನಲ್ಲ’ ಎಂಬ ಲೈನಿನ ಮಾತಿಗೆ ಉತ್ತರ ಇಲ್ಲಿದೆ.

ಸಮಸ್ಯೆ

ಬುಧವಾರ ಬೆಳಿಗ್ಗೆ 11ರ ಹೊತ್ತಿಗೆ ಇಳಿಜಾರಿನಲ್ಲಿ ಚೀಲ ಹೊತ್ತು ಬರುವಾಗ ಆಕೆ ಜಾರಿ ಬಿದ್ದರು. ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು. ಮಧ್ಯಾಹ್ನ 2ಕ್ಕೆ ಆಸ್ಪತ್ರೆಗೆ ಬಂದಾಗ ಮಾತು ಸ್ಪಷ್ಟ, ಬಾಯಲ್ಲಿ ವಾಸನೆ ಇರಲಿಲ್ಲ. ಪ್ಲಾಸ್ಟರ್ ಸ್ಲ್ಯಾಬ್ ಹಾಕಿ, ನೋವಿಗೆ ಟ್ರಮಡಾಲ್ ಇಂಜೆಕ್ಷನ್ ಕೊಟ್ಟು, ಆಪರೇಷನ್ನಿಗೆ ಹೆಸರು ಬರೆದು, ಮಹಿಳಾ ವಾರ್ಡಿಗೆ ಕಳಿಸಿದರು. ಕೇಸ್ ಶೀಟಿನ ‘ಅಭ್ಯಾಸಗಳು’ ಎಂಬ ಜಾಗದಲ್ಲಿ ಒಂದು ಗೆರೆ ಎಳೆದಿತ್ತು. ಅದೇ ದಿನ ಪುರುಷರ ವಾರ್ಡಿಗೆ ಸೇರಿದವರ ಶೀಟುಗಳಲ್ಲಿ ಆ ಜಾಗ ಖಾಲಿ ಇರಲಿಲ್ಲ, ಬೀಡಿ ಎಷ್ಟು, ಕುಡಿತ ಎಷ್ಟು ಎಂದು ಬರೆದಿತ್ತು.

ಸಂಜೆಗೆ ನಾಡಿ ನಿಮಿಷಕ್ಕೆ 112, ಬಿಪಿ 150/96, ಮೈ ಬೆವರು, ಕೈ ಸಣ್ಣಗೆ ನಡುಕ. ‘ನೋವು, ಭಯ’ ಎಂದು ಬರೆದರು. ರಾತ್ರಿ ನಿದ್ದೆ ಬರಲಿಲ್ಲ, ಟ್ರಮಡಾಲ್ ಇನ್ನೊಂದು ಡೋಸ್ ಹೋಯಿತು. ಗುರುವಾರ ಬೆಳಗಿನ ಜಾವ 4ಕ್ಕೆ ಫಿಟ್ಸ್ ಬಂತು, ಎರಡು ನಿಮಿಷದೊಳಗೆ ನಿಂತಿತು. ‘ಮೊದಲಿನಿಂದ ಫಿಟ್ಸ್ ಇದೆಯಾ?’ ಎಂದು ಕೇಳಿದರು. ಇಲ್ಲ ಎಂದರು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಏರಿಸಿದರು. ಊಟ ಸೇರದಿದ್ದರಿಂದ ದಿನವಿಡೀ ಶೇ. 5ರ ಡೆಕ್ಸ್‌ಟ್ರೋಸ್, ಒಟ್ಟು ಮೂರು ಬಾಟ್ಲಿ.

ಶುಕ್ರವಾರ ರಾತ್ರಿ 8ರ ಮೇಲೆ ಪರಿಸ್ಥಿತಿ ಕೈಮೀರಿತು. ಆಕೆ ಹಾಸಿಗೆಯ ಮೇಲಿಂದ ಕಾಣದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಕೆಳಗೆ ಹಾಕುತ್ತಿದ್ದರು. ತೀರಿಹೋದ ತಾಯಿಯನ್ನು ಬಾಗಿಲಿನಿಂದ ಕರೆಯುತ್ತಿದ್ದರು. ಮುರಿದ ಕಾಲನ್ನೇ ಊರಿ ಏಳಲು ನೋಡಿದರು. ಜ್ವರ 100.6, ನಾಡಿ 136. ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು, ಅದರಿಂದ ಒದ್ದಾಟ ಇನ್ನೂ ಹೆಚ್ಚಿತು.

ಯಾರ್ಯಾರು ಏನೆಂದು ತಿಳಿದರು

ಈ ಭಾಗ ಮುಖ್ಯ, ಏಕೆಂದರೆ ಇಲ್ಲಿನ ಪ್ರತಿ ಊಹೆಗೂ ಆಧಾರವಿತ್ತು.

ಡ್ಯೂಟಿ ಡಾಕ್ಟರ್ ಮೊದಲು ಯೋಚಿಸಿದ್ದು ಫ್ಯಾಟ್ ಎಂಬಾಲಿಸಂ. ಉದ್ದ ಮೂಳೆ ಮುರಿದಾಗ ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿ ಒಂದರಿಂದ ಮೂರು ದಿನದೊಳಗೆ ಗೊಂದಲ, ಉಸಿರಾಟದ ತೊಂದರೆ ತರಬಹುದು. ಸಮಯ ಸರಿಯಾಗಿ ಹೊಂದುತ್ತಿತ್ತು. ಆದರೆ ಆಮ್ಲಜನಕದ ಮಟ್ಟ ಶೇ. 97 ಇತ್ತು, ಎದೆ, ಕಂಕುಳಲ್ಲಿ ಕೆಂಪು ಚುಕ್ಕೆಗಳಿರಲಿಲ್ಲ. ಎರಡನೆಯದು ತಲೆಗೆ ಪೆಟ್ಟು. ಸಿ.ಟಿ. ಬೇಕೆಂದರೆ ಜಿಲ್ಲಾಸ್ಪತ್ರೆಗೆ, ಘಾಟಿ ದಾರಿಯಲ್ಲಿ ಎರಡು ಗಂಟೆ. ಮೂರನೆಯದು ಸೋಂಕು. ಮನೆಯವರು ಗಾಳಿ ಸೋಕಿದೆ ಎಂದು ನಂಬಿ, ಬಿಡುಗಡೆ ಬರೆಸಿಕೊಂಡು ಮನೆಗೆ ಕರೆದೊಯ್ಯಲು ಗಾಡಿ ಕರೆಸಿದ್ದರು. ಕರೆದೊಯ್ದಿದ್ದರೆ ಆಕೆ ಉಳಿಯುವುದು ಕಷ್ಟವಿತ್ತು. ಚಿಕಿತ್ಸೆಯೇ ಇಲ್ಲದ ಕಾಲದಲ್ಲಿ ಈ ಸನ್ನಿಯಿಂದ ಮೂವರಲ್ಲಿ ಒಬ್ಬರವರೆಗೂ ಸಾಯುತ್ತಿದ್ದರು. ಸರಿಯಾದ ಚಿಕಿತ್ಸೆಯಲ್ಲಿ ಅದು ನೂರಕ್ಕೆ ಐದಕ್ಕಿಂತ ಕೆಳಗಿದೆ.

ಸುಳಿವುಗಳು ಮೊದಲ ದಿನದ ಲ್ಯಾಬ್ ರಿಪೋರ್ಟಿನಲ್ಲೇ ಇದ್ದವು. ಹಿಮೋಗ್ಲೋಬಿನ್ 8.4. ತೋಟದ ಹೆಂಗಸಿನಲ್ಲಿ ಇದನ್ನು ಕಂಡ ಯಾರಾದರೂ ಕಬ್ಬಿಣದ ಕೊರತೆ ಎಂದು ಮುಂದೆ ಹೋಗುತ್ತಾರೆ. ಕಬ್ಬಿಣದ ಕೊರತೆಯಲ್ಲಿ ಕೆಂಪುಕಣ ಚಿಕ್ಕದಾಗಬೇಕು, ಇಲ್ಲಿ ಕಣದ ಸರಾಸರಿ ಗಾತ್ರ ತೋರಿಸುವ ಎಂಸಿವಿ 104, ಅಂದರೆ ಕಣಗಳು ದೊಡ್ಡವು. ಪ್ಲೇಟ್‌ಲೆಟ್ 98,000, ಅದು ಕಡಿಮೆ. ಯಕೃತ್ತಿನ ಕಿಣ್ವಗಳಲ್ಲಿ ಎಎಸ್‌ಟಿ 148, ಎಎಲ್‌ಟಿ 61, ಮೊದಲನೆಯದು ಎರಡನೆಯದರ ಎರಡು ಪಟ್ಟಿಗಿಂತ ಹೆಚ್ಚು. ಈ ಮೂರೂ ಒಟ್ಟಿಗೆ ಬಂದರೆ ಮದ್ಯದ ಕಡೆ ಬೆರಳು ತೋರಿಸುತ್ತವೆ. ಗಂಡಸಿನ ರಿಪೋರ್ಟಾಗಿದ್ದರೆ ಲ್ಯಾಬಿನಿಂದ ವಾರ್ಡಿಗೆ ಬರುವಷ್ಟರಲ್ಲೇ ಯಾರಾದರೂ ಅದನ್ನು ಹೇಳಿಬಿಡುತ್ತಿದ್ದರು.

ಗಂಟೆಗಳನ್ನು ಕೊನೆಯ ಗುಟುಕಿನಿಂದ ಎಣಿಸಿದರೆ ಚಿತ್ರ ಇನ್ನೂ ಸ್ಪಷ್ಟ. ಕೊನೆಯ ಅರ್ಧ ಪಾಕೀಟು ಬುಧವಾರ ಬೆಳಿಗ್ಗೆ 6ಕ್ಕೆ. ನಡುಕ, ಬೆವರು, ಏರಿದ ನಾಡಿ ಸಾಮಾನ್ಯವಾಗಿ ಆರೆಂಟು ಗಂಟೆಯ ಮೇಲೆ ಶುರುವಾಗುತ್ತವೆ. ಇಲ್ಲಿ ಸಂಜೆಗೆ ಕಂಡವು. ಫಿಟ್ಸ್ 6ರಿಂದ 48 ಗಂಟೆಯೊಳಗೆ. ಇಲ್ಲಿ 22ನೇ ಗಂಟೆ. ಸನ್ನಿ 48ರಿಂದ 96 ಗಂಟೆಯ ನಡುವೆ. ಇಲ್ಲಿ 62ನೇ ಗಂಟೆ. ಕೊನೆಯ ಗುಟುಕು ಯಾವಾಗ ಎಂಬ ಒಂದೇ ಮಾಹಿತಿ ಕೇಸ್ ಶೀಟಿನಲ್ಲಿದ್ದಿದ್ದರೆ ಗುರುವಾರ ಬೆಳಗಿನ ಜಾವದ ಫಿಟ್ಸನ್ನೇ ತಡೆಯಬಹುದಿತ್ತು. ಟ್ರಮಡಾಲ್ ಫಿಟ್ಸ್ ಬರುವುದನ್ನು ಇನ್ನಷ್ಟು ಸಲೀಸು ಮಾಡುತ್ತದೆ, ಇಂಥವರಿಗೆ ಅದು ಬೇಡ. ಫೆನಿಟಾಯಿನ್ ಈ ಬಗೆಯ ಫಿಟ್ಸ್ ಮರುಕಳಿಸುವುದನ್ನು ತಡೆಯುವುದಿಲ್ಲ.

ಮನೆಯವರು ಏಕೆ ಹೇಳಲಿಲ್ಲ ಎಂಬುದಕ್ಕೆ ನಾಚಿಕೆ ಒಂದೇ ಕಾರಣವಾಗಿರಲಿಲ್ಲ. ‘ಕುಡಿತದ ಮಾತು ಬರೆಸಿದರೆ ಪರಿಹಾರ ಸಿಗಲ್ಲ’ ಎಂದು ಮೇಸ್ತ್ರಿ ಹೇಳಿ ಕಳಿಸಿದ್ದರು. ಅದರಲ್ಲಿ ಹುರುಳಿದೆ. 1923ರ ನೌಕರರ ಪರಿಹಾರ ಕಾಯ್ದೆಯ 3ನೇ ಕಲಂನಲ್ಲಿದ್ದ, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇರುವ ನಿಯಮದ ಪ್ರಕಾರ, ಗಾಯವಾದ ಹೊತ್ತಿನಲ್ಲಿ ಕೆಲಸಗಾರರು ಮದ್ಯದ ಅಮಲಿನಲ್ಲಿದ್ದು ಅಪಘಾತ ನೇರವಾಗಿ ಅದರಿಂದಲೇ ಆಗಿದ್ದರೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಬಿಟ್ಟು ಉಳಿದ ಗಾಯಗಳಿಗೆ ಮಾಲೀಕರ ಹೊಣೆ ಇಲ್ಲ. ಆದರೆ ದಿನವೂ ಕುಡಿಯುವ ಅಭ್ಯಾಸ ಬೇರೆ, ಬಿದ್ದ ಗಳಿಗೆಯಲ್ಲಿ ಅಮಲಿನಲ್ಲಿದ್ದದ್ದು ಬೇರೆ. ವೈದ್ಯರು ಎರಡನ್ನೂ ಬೇರೆ ಬೇರೆ ಬರೆಯಬೇಕು: ಬಂದಾಗ ವಾಸನೆ, ಮಾತು, ನಿಲುವು ಹೇಗಿತ್ತು ಎಂಬುದು ಒಂದು ಸಾಲು; ದಿನದ ಪ್ರಮಾಣ ಮತ್ತು ಕೊನೆಯ ಗುಟುಕಿನ ಹೊತ್ತು ಇನ್ನೊಂದು ಸಾಲು. ಮೊದಲನೆಯ ಸಾಲು ನೆಟ್ಟಗೆ ಬರೆದಿದ್ದರೆ ರೋಗಿಗೂ ನ್ಯಾಯ ಸಿಗುತ್ತದೆ, ಚಿಕಿತ್ಸೆಯೂ ದಾರಿ ತಪ್ಪುವುದಿಲ್ಲ.

ತಿರುವು

ಶುಕ್ರವಾರ ರಾತ್ರಿ ಪಾಳಿಯ ಶುಶ್ರೂಷಾಧಿಕಾರಿ ಆಕೆಯ ನಾದಿನಿಯನ್ನು ವರಾಂಡಕ್ಕೆ ಕರೆದು ಕೂರಿಸಿದರು. ‘ಕುಡಿಯುತ್ತಾರಾ?’ ಎಂದು ಹಿಂದಿನ ಎರಡು ಪಾಳಿಗಳಲ್ಲಿ ಗಂಡನ ಎದುರು, ಅಕ್ಕಪಕ್ಕದ ಮಂಚದವರಿಗೂ ಕೇಳುವಂತೆ ಕೇಳಿ, ‘ಛೇ, ಇಲ್ಲ’ ಎಂಬ ಉತ್ತರ ಪಡೆದಾಗಿತ್ತು. ಇವರು ಕೇಳಿದ್ದು ಹೀಗೆ:

“ಅಕ್ಕಾ, ಲೈನಿನಲ್ಲಿ ಸಂಜೆ ಮೈಕೈ ನೋವಿಗೆ ತುಂಬಾ ಜನ ತಗೊಳ್ತಾರೆ. ಇವರು ದಿನಕ್ಕೆ ಎಷ್ಟು ತಗೊಳ್ತಿದ್ರು, ಒಂದು ಪಾಕೀಟಾ, ಎರಡಾ? ಇಲ್ಲಿಗೆ ಬಂದ ಮೇಲೆ ಅದು ಪಕ್ಕನೆ ನಿಂತಿದೆ. ಅದಕ್ಕೇ ಹೀಗಾಗ್ತಿದ್ರೆ ಅದಕ್ಕೆ ಬೇರೆ ಔಷಧಿ ಇದೆ, ಈಗಲೇ ಕೊಡಬಹುದು. ಪೊಲೀಸರಿಗೆ, ತೋಟದವರಿಗೆ ಹೇಳೋಕೆ ಕೇಳ್ತಿಲ್ಲ.”

“ಎರಡು, ಸಿಸ್ಟರ್. ಬೆಳಿಗ್ಗೆ ಕೈ ನಡುಗುತ್ತೆ ಅಂತ ಇನ್ನರ್ಧ.”

ಈ ಮಾತಿನಲ್ಲಿ ನಾಲ್ಕು ಕೆಲಸಗಳಾಗಿವೆ. ಕುಡಿತವನ್ನು ಅಪರೂಪದ್ದೆಂದು ಮಾಡದೆ ಎಲ್ಲರ ಮಾತಾಗಿ ಎತ್ತಿದ್ದು. ಕುಡಿಯುತ್ತಾರೋ ಇಲ್ಲವೋ ಎನ್ನದೆ ಎಷ್ಟು ಎಂದು, ಅವರದೇ ಅಳತೆಯಲ್ಲಿ ಕೇಳಿದ್ದು. ಹೇಳಿದರೆ ರೋಗಿಗೆ ಏನು ಲಾಭ ಎಂದು ತಿಳಿಸಿದ್ದು. ಯಾರಿಗೆ ತಿಳಿಯುವುದಿಲ್ಲ ಎಂಬ ಭರವಸೆ ಕೊಟ್ಟದ್ದು. ಗಂಡನ ಬದಲು ನಾದಿನಿಯನ್ನು ಆರಿಸಿಕೊಂಡದ್ದೂ ಸರಿಯಾಯಿತು. ಲೈನಿನಲ್ಲಿ ಹೆಂಗಸರ ಕುಡಿತ ಹೆಂಗಸರಿಗೇ ಹೆಚ್ಚು ಗೊತ್ತಿರುತ್ತದೆ.

ಚಿಕಿತ್ಸೆ, ಮತ್ತು ಎರಡನೆಯ ಪತ್ತೆ

ಜಿಲ್ಲಾಸ್ಪತ್ರೆಗೆ ಕಳಿಸುವುದೋ, ಇಲ್ಲೇ ಶುರು ಮಾಡುವುದೋ ಎಂಬ ಪ್ರಶ್ನೆ ಬಂತು. ಒದ್ದಾಡುವ ರೋಗಿಯನ್ನು ಆಂಬ್ಯುಲೆನ್ಸಿನಲ್ಲಿ ಎರಡು ಗಂಟೆ ಕಳಿಸುವುದು ಅಪಾಯ. ಮೊದಲು ಇಲ್ಲೇ ಶಾಂತಗೊಳಿಸಿ, ಆಮೇಲೆ ನೋಡೋಣ ಎಂದು ತೀರ್ಮಾನಿಸಿದರು. ಕುಡಿತ ನಿಂತಾಗಿನ ನಡುಕ, ಸನ್ನಿಗೆ ಕೊಡುವ ಶಮನಕಾರಿ ಔಷಧಿಗಳಲ್ಲಿ, ಯಕೃತ್ತು ಸೋತಿದ್ದರಿಂದ ಕ್ಲೋರ್‌ಡಯಾಜೆಪಾಕ್ಸೈಡ್ ಬಿಟ್ಟು ಲೊರಾಜೆಪಾಮ್ ಆರಿಸಿಕೊಂಡರು: ರಕ್ತನಾಳಕ್ಕೆ 2 ಮಿ.ಗ್ರಾಂ ನಿಧಾನವಾಗಿ, ಹದಿನೈದು ನಿಮಿಷ ನೋಡಿ ಮತ್ತೆ 2. ಗುರಿ, ಕರೆದರೆ ಕಣ್ಣು ಬಿಡುವಷ್ಟು ನಿದ್ದೆ. ಪ್ರತಿ ಡೋಸಿನ ಮೇಲೂ ಉಸಿರಿನ ಎಣಿಕೆ, ಆಮ್ಲಜನಕದ ಮಟ್ಟ ಬರೆದರು. ಮೂರನೇ ಡೋಸಿಗೆ ಇರುವೆ ಹೆಕ್ಕುವುದು ನಿಂತಿತು, ಕೈಯ ಕಟ್ಟು ಬಿಚ್ಚಿದರು. ಕುಡಿತ ನಿಂತಾಗಿನ ಲಕ್ಷಣಗಳ ತೀವ್ರತೆ ಅಳೆಯುವ ಸಿಐಡಬ್ಲ್ಯೂಎ ಎಂಬ ಹತ್ತು ಅಂಶಗಳ ಅಂಕಪಟ್ಟಿ ಇಂಥ ಹೊತ್ತಿನಲ್ಲಿ ಕೈಕೊಡುತ್ತದೆ, ಅದರ ಹಲವು ಅಂಶಗಳಿಗೆ ರೋಗಿಯೇ ಉತ್ತರಿಸಬೇಕು. ಸನ್ನಿಗೆ ಮುಂಚೆ ಅದು ಬಹಳ ಉಪಯುಕ್ತ.

ಒಂದು ಸಣ್ಣ ವಿಷಯ: ಲೊರಾಜೆಪಾಮ್ ಇಂಜೆಕ್ಷನ್ನನ್ನು ಫ್ರಿಜ್ಜಿನಲ್ಲಿಡಬೇಕು. ಎಮರ್ಜೆನ್ಸಿ ಟ್ರೇಯಲ್ಲಿ ತಿಂಗಳುಗಟ್ಟಲೆ ಬಿಸಿಯಲ್ಲಿ ಬಿದ್ದಿದ್ದ ಆಂಪ್ಯೂಲಿನಿಂದ ಫಲ ಬರದಿದ್ದರೆ ಡೋಸು ಸಾಲಲಿಲ್ಲ ಎಂದುಕೊಳ್ಳುತ್ತೇವೆ.

ಶಾಂತವಾದ ಮೇಲೆ ಕಣ್ಣು ನೋಡಿದರು. ಬೆರಳನ್ನು ಪಕ್ಕಕ್ಕೆ ಒಯ್ದಾಗ ಕಣ್ಣುಗುಡ್ಡೆ ಪೂರ್ತಿ ಹೊರಗೆ ಹೋಗದೆ ಅರ್ಧಕ್ಕೆ ನಿಂತು ಕುಣಿಯುತ್ತಿತ್ತು. ಇದು ಬರೀ ಕುಡಿತ ನಿಂತದ್ದರಿಂದ ಆಗುವುದಲ್ಲ. ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾದಾಗ ಮಿದುಳಿಗೆ ಬೀಳುವ ಪೆಟ್ಟು, ವರ್ನಿಕೆ ಎನ್ಸೆಫಲೋಪತಿ. ಪುಸ್ತಕದಲ್ಲಿ ಮೂರು ಲಕ್ಷಣ ಹೇಳುತ್ತಾರೆ: ಗೊಂದಲ, ಕಣ್ಣಿನ ಚಲನೆಯ ದೋಷ, ನಡೆಯುವಾಗ ತೂರಾಟ. ಮೂರೂ ಒಟ್ಟಿಗೆ ಕಾಣುವುದು ಕೆಲವರಲ್ಲಿ ಮಾತ್ರ, ಅವಕ್ಕಾಗಿ ಕಾದರೆ ಕೆಟ್ಟೆವು. ಊಟದ ಕೊರತೆ, ಕಣ್ಣು, ತೂರಾಟ, ಗೊಂದಲ ಈ ನಾಲ್ಕರಲ್ಲಿ ಯಾವುದಾದರೂ ಎರಡಿದ್ದರೆ ಸಾಕು, ಚಿಕಿತ್ಸೆ ಶುರು ಮಾಡಬೇಕು. ಇಲ್ಲಿ ಕಾಲು ಮುರಿದಿದ್ದರಿಂದ ನಡೆಸಿ ನೋಡುವಂತಿರಲಿಲ್ಲ. ಹಾಗಾಗಿ ಹಾಸಿಗೆಯಲ್ಲಿ ಆಧಾರವಿಲ್ಲದೆ ಕೂರಿಸಿದರು, ಮೈ ಒಂದು ಕಡೆಗೆ ವಾಲಿತು. ಎಡ ಹಿಮ್ಮಡಿಯಿಂದ ಬಲ ಮೊಣಕಾಲು ಮುಟ್ಟಿಸುವಂತಿಲ್ಲದ ಕಡೆ ಬೆರಳಿನಿಂದ ಮೂಗು ಮುಟ್ಟಿಸಿದರು, ಗುರಿ ತಪ್ಪಿತು. ಇಳಿಜಾರಿನಲ್ಲಿ ಬಿದ್ದದ್ದಕ್ಕೂ ಈ ತೂರಾಟವೇ ಕಾರಣವಾಗಿದ್ದಿರಬಹುದು.

ಗುರುವಾರ ಹೋದ ಮೂರು ಡೆಕ್ಸ್‌ಟ್ರೋಸ್ ಬಾಟ್ಲಿಗಳು ಇಲ್ಲಿ ತಮ್ಮ ಪಾಲು ಸೇರಿಸಿದವು. ಮೈಯಲ್ಲಿ ಥಯಾಮಿನ್ ಸಂಗ್ರಹ ಎರಡು ಮೂರು ವಾರಕ್ಕಾಗುವಷ್ಟು ಮಾತ್ರ. ಸಕ್ಕರೆಯನ್ನು ಶಕ್ತಿಯಾಗಿ ಮಾರ್ಪಡಿಸಲು ಜೀವಕೋಶಕ್ಕೆ ಅದು ಬೇಕೇಬೇಕು. ಖಾಲಿಯಾಗುತ್ತಾ ಬಂದ ಮೈಗೆ ಒಮ್ಮೆಲೇ ಗ್ಲೂಕೋಸ್ ಸುರಿದರೆ ಉಳಿದದ್ದೂ ಮುಗಿಯುತ್ತದೆ. ಆದ್ದರಿಂದ ಮೊದಲು ಥಯಾಮಿನ್, ಆಮೇಲೆ ಗ್ಲೂಕೋಸ್. ರಕ್ತದ ಸಕ್ಕರೆ ನಿಜಕ್ಕೂ ಕುಸಿದಿದ್ದರೆ ಮಾತ್ರ ಗ್ಲೂಕೋಸಿಗೆ ಕಾಯುವಂತಿಲ್ಲ, ಎರಡನ್ನೂ ಒಟ್ಟಿಗೆ ಕೊಡಬೇಕು. ಡ್ರಿಪ್ಪಿಗೆ ಬಿ-ಕಾಂಪ್ಲೆಕ್ಸ್ ಹಾಕಿ ಬಾಟ್ಲಿ ಹಳದಿಯಾದ ಕೂಡಲೇ ಬಿ1 ಕೊಟ್ಟಾಯಿತು ಎಂಬ ಸಮಾಧಾನ ಬಹಳ ಕಡೆ ಇದೆ. ಅದರಲ್ಲಿರುವ ಥಯಾಮಿನ್ ಈ ರೋಗಕ್ಕೆ ಎಲ್ಲೂ ಸಾಲದು.

ಕೊಟ್ಟದ್ದು: ಥಯಾಮಿನ್ 500 ಮಿ.ಗ್ರಾಂ, 100 ಮಿ.ಲೀ. ನಾರ್ಮಲ್ ಸಲೈನಿನಲ್ಲಿ ಬೆರೆಸಿ ಅರ್ಧ ಗಂಟೆಯಲ್ಲಿ, ದಿನಕ್ಕೆ ಮೂರು ಸಲ, ಮೂರು ದಿನ. ಆಮೇಲೆ ದಿನಕ್ಕೆ 250 ಮಿ.ಗ್ರಾಂ ಐದು ದಿನ. 100 ಮಿ.ಗ್ರಾಂನ ಆಂಪ್ಯೂಲ್ ಆದರೆ ಒಂದು ದಿನಕ್ಕೇ ಹದಿನೈದು ಬೇಕು. ಉಗ್ರಾಣದಲ್ಲಿದ್ದದ್ದು ಎಂಟು. ಉಳಿದದ್ದನ್ನು ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಹೊರಗಿನ ಮೆಡಿಕಲ್ ಶಾಪಿನಿಂದ ತರಿಸಿದರು. ಮೆಗ್ನೀಸಿಯಂ ಕಡಿಮೆಯಿದ್ದರೆ ಥಯಾಮಿನ್ ಕೊಟ್ಟರೂ ಕೆಲಸ ಮಾಡುವುದಿಲ್ಲ. ಅದಕ್ಕೆ ಬೇಕಾದ ಮೆಗ್ನೀಸಿಯಂ ಸಲ್ಫೇಟ್ ಗರ್ಭಿಣಿಯರ ನಂಜಿನ ಫಿಟ್ಸಿಗೆಂದು ಹೆರಿಗೆ ವಾರ್ಡಿನಲ್ಲಿ ಯಾವಾಗಲೂ ಇರುತ್ತದೆ. ಅಲ್ಲಿಂದಲೇ 2 ಗ್ರಾಂ ತಂದು ಕೊಟ್ಟರು.

ಎರಡು ದಿನದಲ್ಲಿ ಕಣ್ಣು ಪಕ್ಕಕ್ಕೆ ಪೂರ್ತಿ ಹೊರಳತೊಡಗಿತು. ಐದನೇ ದಿನಕ್ಕೆ ದಿನ, ಜಾಗ ಸರಿಯಾಗಿ ಹೇಳಿದರು. ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನ ಮತ್ತೆ ಕೇಳುವ ಮರೆವು ಮಾತ್ರ ಉಳಿಯಿತು. ಆಪರೇಷನ್ ಹತ್ತನೇ ದಿನಕ್ಕೆ, ಜಿಲ್ಲಾಸ್ಪತ್ರೆಯಲ್ಲಿ ಆಯಿತು.

ಮನೆಗೆ ಕಳಿಸುವ ಮುನ್ನ

ಕುಡಿತದ ಅಪಾಯ ಅಳೆಯುವ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಆಕೆಯ ಅಂಕ 24. ಎಂಟರಿಂದ ಮೇಲೆ ಅಪಾಯದ ಕುಡಿತ, 20ರಿಂದ ಮೇಲೆ ಅವಲಂಬನೆ ಇರುವ ಸಂಭವ ಹೆಚ್ಚು. ಮತ್ತೆ ಶುರುವಾಗದಂತೆ ಯಾವ ಮಾತ್ರೆ ಎಂಬ ಚರ್ಚೆ ಇಲ್ಲಿ ಕಲಿಯುವಂಥದ್ದು.

ಗಂಡ ಕೇಳಿದ್ದು, ‘ಅವಳಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸುವ ಪುಡಿ ಇದೆಯಂತಲ್ಲ’. ಜಾಹೀರಾತುಗಳಲ್ಲಿ ಬರುವ ಇಂಥ ಪುಡಿಗಳಲ್ಲಿ ಏನಿದೆ ಎಂದು ಯಾರೂ ಖಾತ್ರಿ ಹೇಳಲಾರರು. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಇದ್ದು, ಅದು ತಿಳಿಯದೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಅದರ ಪರಿಣಾಮ ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇರುತ್ತದೆ. ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು ಕೊಡುವ ಔಷಧಿ ಅದು. ಈ ಯಕೃತ್ತಿಗೆ ಒಪ್ಪಿಗೆ ಇದ್ದರೂ ಬೇಡ ಎಂದು ವೈದ್ಯರು ಕೂರಿಸಿಕೊಂಡು ಹೇಳಿದರು. ಕುಡಿಯುವ ಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್ ಆಪರೇಷನ್ನಿನ ನೋವಿಗೆ ಕೊಡುವ ಅಫೀಮು ಬಗೆಯ ಔಷಧಿಗಳನ್ನು ತಡೆದುಬಿಡುತ್ತದೆ, ಹಾಗಾಗಿ ಅದೂ ಆಗಲಿಲ್ಲ. ಉಳಿದದ್ದು ಅದೇ ಬಯಕೆ ತಗ್ಗಿಸಲು ಕೊಡುವ ಬ್ಯಾಕ್ಲೋಫೆನ್: 5 ಮಿ.ಗ್ರಾಂ ದಿನಕ್ಕೆ ಮೂರು ಸಲ, ಮೂರು ದಿನದ ಮೇಲೆ 10 ಮಿ.ಗ್ರಾಂ ಮೂರು ಸಲ. ಮೂತ್ರಪಿಂಡ ಸರಿಯಿದೆಯೆಂದು ನೋಡಿಕೊಂಡೇ ಕೊಡಬೇಕು. ಒಮ್ಮೆಲೇ ನಿಲ್ಲಿಸಿದರೆ ಇದರಿಂದಲೂ ಫಿಟ್ಸ್ ಬರಬಹುದು.

ಮಾತ್ರೆಗಿಂತ ಕಷ್ಟವಾದದ್ದು ಜಾಗ ಹುಡುಕುವುದು. ಹತ್ತಿರದ ಪಟ್ಟಣದಲ್ಲಿ ಕುಡಿತ ಬಿಡುವವರು ಸೇರುವ ಸಂಜೆಯ ಸಭೆಯಲ್ಲಿ ಇದ್ದವರೆಲ್ಲ ಗಂಡಸರು, ಆಕೆ ಬಾಗಿಲಲ್ಲೇ ತಿರುಗಿದರು. ಆ ಸೀಮೆಯಲ್ಲಿ ನಡೆದ ಮದ್ಯವರ್ಜನ ಶಿಬಿರವೂ ಗಂಡಸರದೇ. ಸ್ವಸಹಾಯ ಸಂಘದವರ ನೆರವು ಪಡೆಯೋಣವೆಂದರೆ, ಅಲ್ಲಿ ವಿಷಯ ತಿಳಿದರೆ ಸಾಲದ ಸರದಿ ತಪ್ಪುತ್ತದೆ ಎಂಬ ಅಂಜಿಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ (ಮಾನಸಿಕ ಆರೋಗ್ಯದ್ದು) ಇದೆ, ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಕೊನೆಗೆ ಹೀಗೆ ಒಪ್ಪಂದವಾಯಿತು: ತಿಂಗಳಿಗೊಂದು ಮಂಗಳವಾರ ತಾಲ್ಲೂಕಿಗೆ, ಉಳಿದ ವಾರಗಳಲ್ಲಿ ಬಟವಾಡೆಗೆ ಮುಂಚಿನ ದಿನ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಿಎಚ್‌ಒ ಬಳಿ, ‘ಕಾಲಿನ ತಪಾಸಣೆ’ ಎಂಬ ಹೆಸರಿನಲ್ಲಿ. ಬಟವಾಡೆಯ ಸಂಜೆಯೇ ಅತಿ ಕಷ್ಟದ ಹೊತ್ತು ಎಂದು ಆಕೆಯೇ ಹೇಳಿದ್ದರಿಂದ ಆ ದಿನ ಆರಿಸಿದ್ದು. ಕೂಲಿ ಮಗಳ ಕೈಗೆ ಹೋಗಲಿ ಎಂಬ ಸಲಹೆಯನ್ನು ಕೈಬಿಟ್ಟರು. ಹದಿನಾಲ್ಕರ ಹುಡುಗಿಯನ್ನು ತಾಯಿಯ ಕಾವಲಿಗೆ ನಿಲ್ಲಿಸುವುದು ಯಾರಿಗೂ ಸರಿ ಕಾಣಲಿಲ್ಲ.

ಅದೇ ಮನೆಯ ಇನ್ನಿಬ್ಬರು

ವಾರ್ಡಿನಲ್ಲಿ ಕೂತಿದ್ದ ಗಂಡನಿಗೆ ಮೂರು ವಾರದಿಂದ ಕೆಮ್ಮು. ದಿನಕ್ಕೆ 40 ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಸೇವಿಸುವವರಲ್ಲಿ ಕ್ಷಯ ಬರುವ ಅಪಾಯ ಸುಮಾರು ಮೂರು ಪಟ್ಟು, ಈತನದು 61. ಕಫದ ಸಿಬಿನಾಟ್ ಪರೀಕ್ಷೆಯಲ್ಲಿ ಕ್ಷಯ ಪತ್ತೆಯಾಯಿತು. ಕ್ಷಯದ ಮಾತ್ರೆಗಳಲ್ಲಿ ಮೂರು ಯಕೃತ್ತಿಗೆ ಭಾರ, ಮೇಲೆ ಕ್ವಾರ್ಟರ್ ಬಿದ್ದರೆ ಕಾಮಾಲೆಗೆ ದಾರಿ. ಮಾತ್ರೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯ. ಆತ ಕುಡಿತ ಬಿಡಲು ಒಪ್ಪಲಿಲ್ಲ, ಕ್ವಾರ್ಟರಿನಿಂದ ನೈಂಟಿಗೆ ಇಳಿಸಲು ಒಪ್ಪಿದರು. ಕ್ಷಯದ ಮಾತ್ರೆಯನ್ನು ಬೆಳಿಗ್ಗೆ ಆಶಾ ಕಾರ್ಯಕರ್ತೆಯ ಎದುರೇ ನುಂಗಿಸಿ, ಎರಡು ವಾರಕ್ಕೊಮ್ಮೆ ಯಕೃತ್ತಿನ ಪರೀಕ್ಷೆ ಮಾಡಿಸಿದರು.

ಮಾವನಿಗೆ ಎಪ್ಪತ್ತರ ಹತ್ತಿರ. ‘ನನ್ನದು ಬರೀ ನೈಂಟಿ’ ಎಂಬ ವಾದ. ವಯಸ್ಸಾದಂತೆ ಮೈಯ ನೀರು ಕಡಿಮೆಯಾಗುವುದರಿಂದ ಅದೇ ನೈಂಟಿ ಮೂವತ್ತು ವರ್ಷದ ಹಿಂದಿನದಕ್ಕಿಂತ ಜೋರಾಗಿ ತಟ್ಟುತ್ತದೆ. ಜೊತೆಗೆ ಬಿಪಿ ಮಾತ್ರೆ, ಅಂಗಡಿಯಿಂದ ತಂದ ಅಲ್‌ಪ್ರಜೋಲಾಮ್ ನಿದ್ದೆ ಮಾತ್ರೆ. ರಾತ್ರಿ ಬಚ್ಚಲಿಗೆ ಎದ್ದಾಗ ಎರಡು ಸಲ ಬಿದ್ದದ್ದು ಕೇಳಿದ ಮೇಲೆ ಹೊರಬಂತು. ನಿದ್ದೆ ಮಾತ್ರೆಯನ್ನು ವಾರಗಳ ಲೆಕ್ಕದಲ್ಲಿ ಇಳಿಸಿ ನಿಲ್ಲಿಸಿದರು.

ಮರುಕಳಿಕೆ

ಡಿಸ್ಚಾರ್ಜಾಗಿ ಮೂರನೇ ತಿಂಗಳು, ಊರ ಜಾತ್ರೆಯಲ್ಲಿ ಆಕೆ ಮತ್ತೆ ಕುಡಿದರು. ಒಂದು ವಾರ ದಿನಕ್ಕೆ ಎರಡು ಪಾಕೀಟಿನಂತೆ ನಡೆಯಿತು. ನಾಚಿಕೆಯಿಂದ ಸಿಎಚ್‌ಒ ಕಡೆ ಸುಳಿಯಲಿಲ್ಲ. ಎಂಟನೇ ದಿನ ತಾವೇ ಬಂದರು. ‘ನಿಲ್ಲಿಸಬೇಕು ಅಂತಿದ್ದೀನಿ, ಆದ್ರೆ ಒಮ್ಮೆಲೇ ನಿಲ್ಲಿಸ್ಬೇಡಿ ಅಂದಿದ್ರಲ್ಲ.’

ಡಿಸ್ಚಾರ್ಜಿನ ದಿನ ಆಕೆಗೂ ನಾದಿನಿಗೂ ಮೂರು ಸಲ ತಿರುಗಿಸಿ ಹೇಳಿಸಿಕೊಂಡಿದ್ದ ಮಾತು ಅದೊಂದೇ: ಮತ್ತೆ ಶುರುವಾದರೆ ಬೈಯುವುದಿಲ್ಲ, ಮನೆಯಲ್ಲಿ ಒಂಟಿಯಾಗಿ ನಿಲ್ಲಿಸಬೇಡಿ, ಕೈ ನಡುಗುವ ಮೊದಲೇ ಬನ್ನಿ. ಒಮ್ಮೆ ಫಿಟ್ಸ್ ಬಂದವರಿಗೆ ಮುಂದಿನ ಸಲ ಅದು ಇನ್ನೂ ಸುಲಭವಾಗಿ ಬರುತ್ತದೆ. ಆಕೆಯನ್ನು ದಾಖಲಿಸಿ ಮೊದಲ ಗಂಟೆಯಲ್ಲೇ ಥಯಾಮಿನ್, ನಂತರ ಲೊರಾಜೆಪಾಮ್ ಮಾತ್ರೆ 2 ಮಿ.ಗ್ರಾಂ ದಿನಕ್ಕೆ ನಾಲ್ಕು ಸಲದಿಂದ ಶುರುಮಾಡಿ ಆರು ದಿನದಲ್ಲಿ ಇಳಿಸಿ ನಿಲ್ಲಿಸಿದರು. ಫಿಟ್ಸ್ ಇಲ್ಲ, ಸನ್ನಿ ಇಲ್ಲ. ಆರನೇ ದಿನ ನಡೆದೇ ಮನೆಗೆ ಹೋದರು.

ಒಂಬತ್ತನೇ ತಿಂಗಳಿಗೆ ಎಂಸಿವಿ 94ಕ್ಕೆ, ಎಎಸ್‌ಟಿ 46ಕ್ಕೆ ಇಳಿದಿತ್ತು, ತೂಕ 47 ಕೆ.ಜಿ. ಕಾಲು ಕೂಡಿಕೊಂಡಿದೆ. ನಡಿಗೆಯಲ್ಲಿ ಅಗಲ ಹೆಜ್ಜೆ ಉಳಿದಿದೆ, ಇಳಿಜಾರಿನ ಕೆಲಸ ಆಗುವುದಿಲ್ಲ. ಈಗ ಕಣದಲ್ಲಿ ಕಾಫಿ ಹರಡುವ ಕೆಲಸ. ಹೊಸ ಹೆಸರುಗಳು ನೆನಪಿನಲ್ಲಿ ನಿಲ್ಲುವುದಿಲ್ಲ. ಥಯಾಮಿನ್ ಎರಡು ದಿನ ಮುಂಚೆ ಸಿಕ್ಕಿದ್ದರೆ ಇವೆರಡರಲ್ಲಿ ಬಹುಪಾಲು ತಪ್ಪುತ್ತಿತ್ತು ಎಂದು ನಂಬಲು ಕಾರಣವಿದೆ.

ಆಸ್ಪತ್ರೆಯಲ್ಲಿ ಬದಲಾದದ್ದು

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವಯಸ್ಸಿನವರಲ್ಲಿ ಮದ್ಯ ಸೇವಿಸುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಈ ಎರಡನೆಯ ಅಂಕಿ ಕಾಗದದ ಮೇಲೆ ಚಿಕ್ಕದು. ವಾರ್ಡಿನಲ್ಲಿ ಅದು ‘ಹೆಂಗಸರನ್ನು ಕೇಳಬೇಕಿಲ್ಲ’ ಎಂಬ ರೂಢಿಯಾಗಿ ಇಳಿಯುತ್ತದೆ. ಅದು ದೇಶದ ಸರಾಸರಿ, ತೋಟದ ಲೈನು, ಕಾಡಂಚಿನ ಹಾಡಿ, ಕಟ್ಟಡ ಕೆಲಸದ ಶೆಡ್ಡುಗಳಿಗೆ ಅದನ್ನು ಹಾಗೇ ಹೊಂದಿಸಲಾಗದು. ಮೈ ಬೇಗ ಸೋಲುವವರನ್ನೇ ಕೇಳದೆ ಬಿಡುವ ಈ ರೂಢಿ ಹೋಗಲೇಬೇಕು. ಅದೇ ಸಮೀಕ್ಷೆಯಲ್ಲಿ, ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದಾಗಿ ಹೇಳಿದ್ದಾರೆ.

ಈ ಪ್ರಕರಣದ ಮೇಲೆ ಆ ಆಸ್ಪತ್ರೆಯ ದಾಖಲಾತಿ ಶೀಟಿನಲ್ಲಿ ‘ಅಭ್ಯಾಸಗಳು’ ಎಂಬ ಜಾಗ ತೆಗೆದು ಎರಡು ಸಾಲು ಹಾಕಿದರು: ದಿನಕ್ಕೆ ಎಷ್ಟು ಮಿ.ಲೀ.; ಕೊನೆಯದು ಯಾವ ದಿನ, ಎಷ್ಟು ಗಂಟೆಗೆ. ಹೆಣ್ಣಿರಲಿ ಗಂಡಿರಲಿ, ವಯಸ್ಸಾದವರಿರಲಿ, ಒಂಟಿಯಾಗಿದ್ದಾಗ ಕೇಳಿ ಬರೆಯಬೇಕು, ಗೆರೆ ಎಳೆಯುವಂತಿಲ್ಲ. ಮೂರು ಪ್ರಶ್ನೆಗಳ ಆಡಿಟ್-ಸಿ ಬಳಸುವವರು ಹೆಂಗಸರಿಗೆ 3, ಗಂಡಸರಿಗೆ 4 ಅಂಕಕ್ಕೇ ಎಚ್ಚರವಾಗಬೇಕು. ಶೀಟಿನ ಮುಖಪುಟದಲ್ಲಿ ‘ಆಲ್ಕೋಹಾಲಿಕ್’ ಎಂದು ದಪ್ಪಕ್ಷರದಲ್ಲಿ ಬರೆದು ಮಂಚಕ್ಕೆ ತೂಗುಹಾಕುವುದನ್ನು ನಿಲ್ಲಿಸಿದರು. ಉಗ್ರಾಣದ ಇಂಡೆಂಟಿಗೆ ಥಯಾಮಿನ್ 100 ಮಿ.ಗ್ರಾಂ ಆಂಪ್ಯೂಲ್, ಕನಿಷ್ಠ ಅರವತ್ತು, ಸೇರಿತು. ಒಬ್ಬ ರೋಗಿಯ ಪೂರ್ತಿ ಚಿಕಿತ್ಸೆಗೆ ಬೇಕಾಗುವುದು ಅಷ್ಟು. ಡಿಸ್ಚಾರ್ಜ್ ಚೀಟಿಯ ಹಿಂಬದಿಯಲ್ಲಿ ಎರಡು ಉಚಿತ ಸಹಾಯವಾಣಿಗಳನ್ನು ಅಚ್ಚು ಹಾಕಿಸಿದರು: ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್ 14416, ವ್ಯಸನಮುಕ್ತಿಗೆ 14446.